ಮೂರನೆಯವರ ಕಾಗದ

ಹರವೆಯ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಿಂತರೆ ಬಸ್ಸಿಗಿಂತ ಮೊದಲು ಗೂಡ್ಸ್ ಆಟೋಗಳು ಬರುತ್ತವೆ. ಹಿಂದಿನ ತೊಟ್ಟಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿರುತ್ತಾರೆ. ಕೈಯಲ್ಲಿ ಬುತ್ತಿ, ಸೀರೆಯ ಮೇಲೊಂದು ಗಂಡಸರ ಹಳೆಯ ಷರ್ಟು, ತಲೆಗೆ ಸುತ್ತಿದ ಟವೆಲ್ಲು. ಸಣ್ಣ ಈರುಳ್ಳಿಯ ಕಾಲಕ್ಕೆ ಈರುಳ್ಳಿ ಕೀಳಲು, ಅರಿಶಿನದ ಕಾಲಕ್ಕೆ ಅರಿಶಿನಕ್ಕೆ, ಆಷಾಢ ಕಳೆದರೆ ಗುಂಡ್ಲುಪೇಟೆ ಕಡೆಯ ಚೆಂಡು ಹೂವಿನ ಹೊಲಗಳಿಗೆ. ಹೋದ ವರ್ಷ ಒಂದು ದಿನ ಬಸ್ಸು ಬರಲಿಲ್ಲ. ನಾನೂ ಅಂಥದ್ದೊಂದು ಆಟೋ ಹತ್ತಿದೆ. ಮುಂದೆ ಚಾಲಕನ ಪಕ್ಕದಲ್ಲಿ ಅರ್ಧ ಸೀಟು ಸಿಕ್ಕಿತು.

ಓದುವವರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ, ಕೂತಲ್ಲಿ ನಿಂತಲ್ಲಿ ಪ್ರಶ್ನೆ ಕೇಳುವುದು. ಗಾಜಿನ ಮೇಲೆ ಮಾದಪ್ಪನ ಪಟ, ಅದರ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದಗಳು ಕಂಡವು. ‘ಇನ್ಶೂರೆನ್ಸ್ ಕಟ್ಟಿದ್ದೀರಾ ಅಣ್ಣ?’ ಎಂದೆ.

‘ಥರ್ಡ್ ಪಾರ್ಟಿ ಕಟ್ಟಿವ್ನಿ ಸಾ. ಪೊಲೀಸ್ರಿಗ್ ತೋರ್ಸಕ್ಕೆ ಅಷ್ಟಾದ್ರೆ ಸಾಕಲ್ವಾ.’

‘ಥರ್ಡ್ ಪಾರ್ಟಿ ಅಂದ್ರೆ ಯಾರಣ್ಣ?’

‘ಇನ್ಯಾರು, ಪೊಲೀಸ್ರೇ!’

ಹಿಂದೆ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಉತ್ತರ ನನ್ನನ್ನು ಬಿಡಲಿಲ್ಲ. ಅವರು ತಮಾಷೆಗೆ ಹೇಳಿದ್ದನ್ನೇ ನಮ್ಮಲ್ಲಿ ಬಹುಪಾಲು ಜನ ನಿಜವೆಂದು ನಂಬಿ ಬದುಕುತ್ತೇವೆ. ಲೈಸೆನ್ಸು ಪೊಲೀಸರಿಗೆ, ವಿಮೆ ಪೊಲೀಸರಿಗೆ, ಎಮಿಷನ್ ಚೀಟಿ ಪೊಲೀಸರಿಗೆ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ಎಂದು 2019ರ ತಿದ್ದುಪಡಿ ಹೇಳುತ್ತದೆ. ಆ ದಂಡ ಉಳಿದರೆ ಸಾಕು ಎಂಬುದೇ ನಮ್ಮ ಲೆಕ್ಕ. ಈ ಕಾಗದಗಳು ಹುಟ್ಟಿದ್ದು ಯಾರಿಗಾಗಿ ಎಂದು ಹುಡುಕುತ್ತಾ ಹೋದರೆ ಸಿಗುವ ಮನುಷ್ಯ ಬೇರೆಯೇ. ಅವನಿಗೆ ಗಾಡಿಯಿಲ್ಲ. ಅವನು ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದಾನೆ.

ವಿಮೆಯ ಭಾಷೆಯಲ್ಲಿ ಹಣ ಕಟ್ಟುವ ಮಾಲೀಕ ಒಂದನೆಯವನು, ಕಟ್ಟಿಸಿಕೊಳ್ಳುವ ಕಂಪನಿ ಎರಡನೆಯದು, ಉಳಿದ ಲೋಕವೆಲ್ಲ ಮೂರನೆಯದು. ಒಪ್ಪಂದಕ್ಕೆ ಈ ಮೂರನೆಯವನ ಸಹಿಯಿಲ್ಲ, ತನ್ನ ಹೆಸರಿನಲ್ಲಿ ಇಂಥದ್ದೊಂದು ಕಾಗದ ಊರೂರು ತಿರುಗುತ್ತಿದೆ ಎಂಬುದೂ ಅವನಿಗೆ ಗೊತ್ತಿಲ್ಲ.

ಮೋಟಾರಿಗೂ ನಡೆಯುವವನಿಗೂ ಇರುವ ವ್ಯಾಜ್ಯ ಮೋಟಾರಿನಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿ 1865ರ ಕಾನೂನು, ಯಂತ್ರದ ಗಾಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕೆಂದು ಹೇಳಿತ್ತು. ಊರೊಳಗೆ ಗಂಟೆಗೆ ಎರಡು ಮೈಲಿ, ಹೊರಗೆ ನಾಲ್ಕು ಮೈಲಿ, ಅಷ್ಟೇ ವೇಗ. ಇದನ್ನು ಓದಿ ನಗುವವರುಂಟು. ನನಗೇಕೋ ಆ ಬಾವುಟದವನ ಮೇಲೆ ಪ್ರೀತಿ. ದಾರಿ ನಡೆಯುವವರದ್ದು, ಯಂತ್ರ ಅತಿಥಿ ಎಂದು ನಂಬಿದ್ದ ಕಾಲದ ಕೊನೆಯ ಮನುಷ್ಯ ಅವನು. 1896ರಲ್ಲಿ ಗಾಡಿಯ ಮುಂದೆ ಮನುಷ್ಯ ನಡೆಯಬೇಕೆಂಬ ನಿಯಮ ಹೋಯಿತು. ಅದೇ ವರ್ಷದ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಮೋಟಾರಿಗೆ ಸಿಕ್ಕಿ ಸತ್ತಳು. ಬ್ರಿಟನ್ನಿನಲ್ಲಿ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಎಂದು ಅವಳ ಹೆಸರು ಉಳಿದಿದೆ.

ಲೈಸೆನ್ಸು ಬಂದದ್ದು 1903ರ ಕಾನೂನಿನಿಂದ. ಐದು ಶಿಲಿಂಗು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತಿತ್ತು, ಪರೀಕ್ಷೆಯೆಂಬುದೇ ಇರಲಿಲ್ಲ. ಕಡ್ಡಾಯದ ಚಾಲನಾ ಪರೀಕ್ಷೆ ಅಲ್ಲಿಗೆ ಬರಲು 1935ರವರೆಗೆ ಕಾಯಬೇಕಾಯಿತು. ನಡುವಿನ ಮೂವತ್ತು ವರ್ಷ ಲೈಸೆನ್ಸು ಎಂದರೆ ಏನು? ಗಾಡಿಗೆ ಹಾಕಿದ ನಂಬರ್ ಪ್ಲೇಟಿನ ಜೊತೆ ಓಡಿಸುವವನಿಗೂ ಹಾಕಿದ ಒಂದು ನಂಬರು. ಗುದ್ದಿ ಓಡಿಹೋದವನನ್ನು ಹುಡುಕಲು ವಿಳಾಸ. ನಿನಗೆ ಓಡಿಸಲು ಬರುತ್ತದೆಯೇ ಎಂದು ಅದು ಕೇಳಲಿಲ್ಲ, ನೀನು ಯಾರು ಎಂದು ಕೇಳಿತು. ಇಂದು ಆರ್‌ಟಿಓ ಮೈದಾನದಲ್ಲಿ ಬೈಕಿನ ಮೇಲೆ ಎಂಟು ಹಾಕುವ ಹುಡುಗರು ತಮ್ಮ ಚಾಲಾಕಿತನಕ್ಕೆ ಸಿಕ್ಕ ಸರ್ಟಿಫಿಕೇಟು ಅದೆಂದು ತಿಳಿಯುತ್ತಾರೆ. ತಪ್ಪೇನಿಲ್ಲ. ಆದರೆ ಅದರ ಬೇರಿನಲ್ಲಿರುವುದು ಕೌಶಲವಲ್ಲ, ಉತ್ತರ ಹೇಳಬೇಕಾದ ಹೊಣೆ.

ಹುಡುಕಿ ಹಿಡಿದ ಮೇಲೆ? ಗಾಡಿಯವನ ಹತ್ತಿರ ಹಣವಿಲ್ಲದಿದ್ದರೆ ಸತ್ತವನ ಮನೆಯವರು ಕೋರ್ಟಿನಲ್ಲಿ ಗೆದ್ದೂ ಬರಿಗೈ. ಈ ಗಂಟನ್ನು ಬಿಚ್ಚಲು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಲ್ಲಿ ವಿಮೆಯನ್ನು ಕಡ್ಡಾಯ ಮಾಡಿತು, ಬ್ರಿಟನ್ 1930ರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ 1914ರ ಮೋಟಾರು ಕಾಯಿದೆ ನೋಂದಣಿ ಮತ್ತು ಲೈಸೆನ್ಸುಗಳಲ್ಲೇ ನಿಂತಿತ್ತು. 1939ರ ಹೊಸ ಕಾಯಿದೆಯ ಎಂಟನೆಯ ಅಧ್ಯಾಯ ಮೂರನೆಯವರಿಗಾಗಿ ವಿಮೆಯನ್ನು ತಂದಿತು. ತಂದಿತು ಎನ್ನುವುದಕ್ಕಿಂತ ಬರೆದಿಟ್ಟಿತು ಎನ್ನಬೇಕು. ಉಳಿದ ಕಾಯಿದೆ 1939ರ ಜುಲೈ 1ಕ್ಕೆ ಜಾರಿಯಾದರೆ ಈ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಂದು. ಏಳು ವರ್ಷ ಆ ಅಧ್ಯಾಯ ಪುಸ್ತಕದಲ್ಲಿ ಮಲಗಿತ್ತು.

ನಮ್ಮ ಸೀಮೆಯ ಕತೆ ಇನ್ನೂ ಸ್ವಲ್ಪ ತೊಡಕು. ಇವತ್ತಿನ ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯವರೆಗೆ ಮೈಸೂರು ಜಿಲ್ಲೆ. ಹಾಗಾಗಿ ಇಲ್ಲಿನ ಹಳೆಯ ಗಾಡಿಗಳ ಮೇಲೆ ಕೆಎ 09, ಈಚಿನವುಗಳ ಮೇಲೆ ಕೆಎ 10. ಅದಕ್ಕೂ ಹಿಂದಕ್ಕೆ ಹೋದರೆ ಇದೇ ಜಿಲ್ಲೆಯೊಳಗೆ ಎರಡು ರಾಜ್ಯಗಳಿದ್ದವು. ಚಾಮರಾಜನಗರ, ಗುಂಡ್ಲುಪೇಟೆ, ಹರವೆ ಮೈಸೂರು ಮಹಾರಾಜರಿಗೆ ಸೇರಿದ್ದು. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಬ್ರಿಟಿಷ್ ಇಂಡಿಯಾದ ಕಾಯಿದೆ ಕೊಳ್ಳೇಗಾಲಕ್ಕೆ ತಾನಾಗಿ ಅನ್ವಯಿಸುತ್ತಿತ್ತು, ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಅದು ಇಲ್ಲಿಗೂ ಹರಡಿದ್ದು ಸಂಸ್ಥಾನ ಒಕ್ಕೂಟಕ್ಕೆ ಸೇರಿದ ನಂತರ, 1950ರ ದಶಕದ ಆರಂಭದಲ್ಲಿ. ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗುವವರು ಒಂದೇ ದಾರಿಯಲ್ಲಿ ಎರಡು ಸರ್ಕಾರಗಳ ಕಾನೂನನ್ನು ದಾಟುತ್ತಿದ್ದರು. ನಡೆದು ಹೋಗುತ್ತಿದ್ದವರಾದ್ದರಿಂದ ಅವರಿಗದು ತಿಳಿಯುತ್ತಲೂ ಇರಲಿಲ್ಲ.

ಹಾಗೆಂದು ಮೈಸೂರಿಗೆ ವಿಮೆ ಹೊಸದಲ್ಲ. 1891ರಲ್ಲೇ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸರ್ಕಾರ ತನ್ನ ನೌಕರರಿಗಾಗಿ ತಾನೇ ಜೀವವಿಮೆ ಆರಂಭಿಸಿತ್ತು. ಅದೇ ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ಅದರ ಮೋಟಾರು ಶಾಖೆ ಸರ್ಕಾರಿ ವಾಹನಗಳಿಗೆ ವಿಮೆ ಮಾಡುತ್ತದೆ. ತಹಶೀಲ್ದಾರರ ಜೀಪು ಯಾರಿಗಾದರೂ ಗುದ್ದಿದರೆ ಪರಿಹಾರದ ಬೇರು ಆ 1891ರ ಆಲೋಚನೆಯವರೆಗೂ ಇಳಿಯುತ್ತದೆ ಎಂಬುದು ನನಗೆ ಇಷ್ಟವಾದ ಸಂಗತಿ.

ಇನ್ನು ನಮ್ಮ ದೊಡ್ಡಪ್ಪನ ವಿಷಯ. ಲಾರಿ ಡ್ರೈವರಾಗಿದ್ದವರು. ಅವರ ಲೈಸೆನ್ಸು ಈಗಿನ ಕಾರ್ಡಿನಂತಲ್ಲ, ಅಂಗೈಯಗಲದ ಪುಸ್ತಕ. ಒಳಗೆ ಮೊಳೆ ಹೊಡೆದ ಹಾಗೆ ಸೀಲು ಬಿದ್ದ ಎಳೆಯ ಮುಖದ ಫೋಟೋ, ಮುಂದಿನ ಪುಟಗಳ ತುಂಬ ನವೀಕರಣದ ಮೊಹರುಗಳು. ನಾಲ್ಕನೇ ಕ್ಲಾಸಿಗೆ ಬಿಟ್ಟವರು, ಆ ಪುಸ್ತಕವನ್ನು ಮಾತ್ರ ಕೊನೆಯವರೆಗೂ ಓದುವವರ ಹಾಗೆ ತೆರೆದು ನೋಡುತ್ತಿದ್ದರು. ಇದನ್ನು ಹೇಳಲು ಕಾರಣವಿದೆ. ಮುಂದೆ ಒಂದು ಕಾಲಕ್ಕೆ ಲಾರಿ, ಟ್ಯಾಕ್ಸಿಯಂಥ ಬಾಡಿಗೆ ವಾಹನದ ಚಾಲಕನಿಗೆ ಎಂಟನೇ ತರಗತಿ ಪಾಸಾಗಿರಲೇಬೇಕೆಂಬ ನಿಯಮ ಬಂತು. ಕೇಂದ್ರ ಸರ್ಕಾರ ಅದನ್ನು ತೆಗೆದದ್ದು 2019ರಲ್ಲಿ. ಆ ನಡುವೆ ಎಷ್ಟೋ ಊರುಗಳ ಚಕ್ರ ಹಿಡಿಯಬಲ್ಲ ಕೈಗಳು ಶಾಲೆಯ ಟಿ.ಸಿ. ಇಲ್ಲದ್ದಕ್ಕೆ ಕಾನೂನಿನ ಹೊರಗೆ ನಿಂತವು. ಹೊರಗೆ ನಿಂತವು ಎಂದರೆ ಓಡಿಸುವುದನ್ನು ಬಿಟ್ಟವು ಎಂದಲ್ಲ.

ದೊಡ್ಡಪ್ಪ ಕಲಿತದ್ದು ಡ್ರೈವಿಂಗ್ ಸ್ಕೂಲಿನಲ್ಲಲ್ಲ, ಕ್ಲೀನರ್ ಆಗಿ. ಲಾರಿ ತೊಳೆಯುವುದು, ರೇಡಿಯೇಟರಿಗೆ ನೀರು ಹಾಕುವುದು, ಟೈರಿಗೆ ಕೋಲಿನಿಂದ ಬಡಿದು ಸದ್ದಿನಲ್ಲೇ ಗಾಳಿ ಎಷ್ಟಿದೆಯೆಂದು ಹೇಳುವುದು, ಡ್ರೈವರ್ ಊಟಕ್ಕೆ ಇಳಿದಾಗ ಗಾಡಿಯನ್ನು ಹಿಂದೆ ಮುಂದೆ ಆಡಿಸಿ ಕೈ ಪಳಗಿಸಿಕೊಳ್ಳುವುದು. ಕಮಾನು ಪಟ್ಟೆ ಮುರಿದರೆ ಊರಿನ ಕುಲುಮೆಗೇ ಒಯ್ಯುತ್ತಿದ್ದರಂತೆ. ಎತ್ತಿನಗಾಡಿಯ ಚಕ್ರಕ್ಕೆ ಪಟ್ಟೆ ಕಟ್ಟುವ ಆಚಾರಿಯೇ ಲಾರಿಗೂ ವೈದ್ಯ. ಇದನ್ನು ಕೇಳಿದಾಗ ನನಗೆ ನೆನಪಾಗುವುದು ಬೆರ್ಥಾ ಬೆಂಜ್. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ ಇಬ್ಬರು ಮಕ್ಕಳೊಡನೆ ಮೋಟಾರು ಗಾಡಿಯಲ್ಲಿ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟ ಆಕೆ ಇಂಧನ ಕೊಂಡದ್ದು ಔಷಧಿ ಅಂಗಡಿಯಲ್ಲಿ, ಸವೆದ ಬ್ರೇಕಿಗೆ ಚರ್ಮ ಹೊಡೆಸಿದ್ದು ಚಮ್ಮಾರನ ಕೈಯಲ್ಲಿ. ಯಂತ್ರ ಎಲ್ಲಿಗೆ ಹೋದರೂ ಅಲ್ಲಿನ ಹಳೆಯ ಕಸುಬುದಾರರೇ ಮೊದಲ ಮೆಕಾನಿಕ್ಕುಗಳು.

ಮಾತುಗಳೂ ಹಾಗೆಯೇ ಬಂದು ಇಲ್ಲೇ ಉಳಿದಿವೆ. ಹೆಚ್ಚುವರಿ ಚಕ್ರಕ್ಕೆ ನಾವು ‘ಸ್ಟೆಪ್ನಿ’ ಎನ್ನುತ್ತೇವೆ. ಅದು ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರ ಸುಮಾರಿಗೆ ಆ ಬೀದಿಯಲ್ಲಿ ಇಬ್ಬರು ಸೋದರರು ಕಾರುಗಳಿಗೆ ಬಿಡಿ ಚಕ್ರ ಮಾಡಿ ಮಾರಲು ಆರಂಭಿಸಿದರು. ಈಗ ಇಂಗ್ಲೆಂಡಿನವರಿಗೇ ಆ ಪದ ಮರೆತಿದೆ, ತೆರಕಣಾಂಬಿಯ ಪಂಕ್ಚರ್ ಅಂಗಡಿಯವರಿಗೆ ಮರೆತಿಲ್ಲ.

ಗಾಡಿಯ ಆರೈಕೆಗೂ ಒಂದು ಕಾಗದವುಂಟು, ಎಫ್‌ಸಿ. ಎಫ್‌ಸಿ ಹತ್ತಿರ ಬಂತೆಂದರೆ ಲಾರಿಗೆ ಹಬ್ಬ. ಬಣ್ಣ ಹೊಡೆಸಿ, ಹಿಂದೆ ‘ಮಲೆ ಮಹದೇಶ್ವರ ಪ್ರಸನ್ನ’ ಎಂದು ಹೊಸದಾಗಿ ಬರೆಸಿ, ಸವೆದ ಟೈರುಗಳನ್ನು ಕಳಚಿ, ಗೊತ್ತಿದ್ದವರ ಗಾಡಿಯ ಒಳ್ಳೆಯ ಟೈರು ಒಂದು ದಿನಕ್ಕೆ ಇಸಿದುಕೊಂಡು ಹಾಕುತ್ತಿದ್ದರಂತೆ. ತಪಾಸಣೆ ಮುಗಿದ ಸಂಜೆಗೆ ಮತ್ತೆ ಹಳೆಯ ಟೈರು. ದೊಡ್ಡಪ್ಪ ಇದನ್ನು ನಗುತ್ತಾ ಹೇಳುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ಅವರು ಹೀಗೆ ಮೋಸ ಮಾಡುತ್ತಿರಲಿಲ್ಲ. ಮೈಸೂರು ಅರಮನೆಯಲ್ಲಿ ಆನೆ ಕುದುರೆಗಳ ಸಾಲಿನಲ್ಲಿ ಕಾರುಗಳಿಗೂ ಪೂಜೆಯಾಗುವ ಅದೇ ದಿನ ಇಲ್ಲಿ ಪ್ರತಿ ಟ್ರ್ಯಾಕ್ಟರು, ಟಿಲ್ಲರು, ಸ್ಕೂಟರಿಗೂ ಮೈತೊಳೆದು ಕುಂಬಳಕಾಯಿ ಒಡೆಯುತ್ತಾರೆ. ವರ್ಷದಲ್ಲಿ ಒಂದು ದಿನ ಗ್ರೀಸು ಹೋಗದ ಮೂಲೆಗೂ ಕೈ ಹೋಗುತ್ತದೆ. ಸಡಿಲವಾದ ನಟ್ಟು ಕಣ್ಣಿಗೆ ಬೀಳುತ್ತದೆ. ಚಕ್ರದಡಿಯ ನಿಂಬೆಹಣ್ಣನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಈ ತೊಳೆಯುವ ಕೆಲಸವನ್ನು ಗಮನಿಸಿದಂತಿಲ್ಲ.

‘ಬ್ರೇಕ್ ಫೇಲಾಯಿತು’ ಎಂಬ ಮಾತು ಪತ್ರಿಕೆಗಳಲ್ಲಿ ದೈವದ ಮಾತಿನಂತೆ ಬರುತ್ತದೆ. ನ್ಯಾಯಾಲಯಗಳು ಅದನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. 1977ರಲ್ಲಿ ಮಿನು ಬಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಂತ್ರ ಕೆಟ್ಟಿತೆಂದು ಹೇಳಿದರೆ ಸಾಲದು, ಕೆಡದಂತೆ ನೋಡಿಕೊಳ್ಳಲು ತಾನು ಮಾಡಬೇಕಾದ್ದೆಲ್ಲ ಮಾಡಿದ್ದೆ ಎಂದು ಮಾಲೀಕ ತೋರಿಸಬೇಕು ಎಂದಿತು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಚಾಲಕನ ತಪ್ಪು ಸಾಬೀತಾಗದಿದ್ದರೆ ಪರಿಹಾರವಿಲ್ಲ. ರಸ್ತೆಯಲ್ಲಿ ಸತ್ತವನ ಹೆಂಡತಿ ಸಾಕ್ಷಿಯನ್ನು ಎಲ್ಲಿಂದ ತರಬೇಕು? ಐದು ವರ್ಷಗಳ ನಂತರ, 1982ರ ತಿದ್ದುಪಡಿ ಈ ಮಾತಿಗೆ ಉತ್ತರ ಕೊಟ್ಟಿತು. ತಪ್ಪು ಯಾರದ್ದೇ ಇರಲಿ, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500. ಗುದ್ದಿ ಓಡಿಹೋದ ಗಾಡಿ ಯಾವುದೆಂದೇ ತಿಳಿಯದಿದ್ದರೂ ಸಾವಿಗೆ 5,000. ಈ ಕೊನೆಯ ಮೊತ್ತ 2022ರ ಏಪ್ರಿಲ್ 1ರಿಂದ 2 ಲಕ್ಷ.

ಈ ಮೊತ್ತಗಳಲ್ಲಿ ಒಂದು ಇತಿಹಾಸವಿದೆ. 1939ರ ಕಾಯಿದೆಯಲ್ಲಿ ಸರಕು ಲಾರಿಯೊಂದು ಮಾಡಿದ ಅಪಘಾತಕ್ಕೆ ವಿಮೆಯ ಕಡ್ಡಾಯ ಹೊಣೆಗೆ 20,000 ರೂಪಾಯಿಯ ಮಿತಿ. 1969ರ ತಿದ್ದುಪಡಿ ಅದನ್ನು 50,000 ಮಾಡಿತು, 1982ರದ್ದು ಒಂದೂವರೆ ಲಕ್ಷ. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯಿದೆ ಸಾವು ಮತ್ತು ಗಾಯದ ವಿಷಯದಲ್ಲಿ ಮಿತಿಯನ್ನೇ ತೆಗೆದುಹಾಕಿತು. ಎಷ್ಟು ಹೊಣೆಯೋ ಅಷ್ಟೂ ಕೊಡಬೇಕು. ಆಸ್ತಿಪಾಸ್ತಿಯ ನಷ್ಟಕ್ಕೆ ಮಾತ್ರ 6,000 ಎಂದು ಬರೆಯಿತು. ಮನುಷ್ಯನಿಗೆ ಮಿತಿಯಿಲ್ಲ, ಗೋಡೆಗೆ ಇದೆ. ಭಾರತದ ಶಾಸನಗಳಲ್ಲಿ ನನಗೆ ತುಂಬ ಹಿಡಿಸಿದ ಸಾಲುಗಳಲ್ಲಿ ಇದೂ ಒಂದು.

ಮಿತಿಯಿಲ್ಲದ ಹೊಣೆಗೆ ಕಟ್ಟುವ ಹಣವೆಷ್ಟು? ಥರ್ಡ್ ಪಾರ್ಟಿ ದರವನ್ನು ಕಂಪನಿ ತನಗಿಷ್ಟ ಬಂದಂತೆ ನಿಗದಿ ಮಾಡುವ ಹಾಗಿಲ್ಲ, ಸರ್ಕಾರ ಮಾಡುತ್ತದೆ. 2022ರ ಜೂನ್ 1ರಿಂದ 1,000 ಸಿಸಿವರೆಗಿನ ಸ್ವಂತ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416. ಹೀಗಿದ್ದೂ ಹೊಸ ಗಾಡಿಯ ಮೊದಲ ವರ್ಷ ಕಳೆದೊಡನೆ ಕಟ್ಟುವುದನ್ನು ಮರೆಯುವವರೇ ಹೆಚ್ಚೆಂದು ಕಂಡು, ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ, ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿಯನ್ನು ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ಶೋರೂಮಿನ ಬಿಲ್ಲಿನಲ್ಲಿ ಅದನ್ನು ಕಂಡು ಗೊಣಗುವವರಿಗೆ ಈ ಹಿನ್ನೆಲೆ ತಿಳಿದಿರುವುದು ಅಪರೂಪ.

ಲೈಸೆನ್ಸೂ ವಿಮೆಯೂ ಒಂದನ್ನೊಂದು ಎದುರಾಗುವುದು ಕೋರ್ಟಿನಲ್ಲಿ. 1956ರ ತಿದ್ದುಪಡಿಯಿಂದ ಅಪಘಾತದ ಪರಿಹಾರಕ್ಕೆಂದೇ ನ್ಯಾಯಮಂಡಳಿಗಳು ಬಂದವು. ಅಲ್ಲಿ ವಿಮಾ ಕಂಪನಿಗಳ ವಕೀಲರ ಮೊದಲ ಬಾಣ ಯಾವಾಗಲೂ ಒಂದೇ, ಚಾಲಕನಿಗೆ ಲೈಸೆನ್ಸಿರಲಿಲ್ಲ. 1987ರ ಸ್ಕಾಂಡಿಯಾ ಪ್ರಕರಣವನ್ನು ಮೊದಲು ಓದಿದಾಗ ನನಗೆ ದೊಡ್ಡಪ್ಪನೇ ಕಣ್ಣಮುಂದೆ ಬಂದರು. ಡ್ರೈವರ್ ಇಂಜಿನ್ ಚಾಲೂ ಇಟ್ಟು ತಿಂಡಿ ತರಲು ಇಳಿದಿದ್ದಾನೆ, ಲೈಸೆನ್ಸಿಲ್ಲದ ಕ್ಲೀನರ್ ಲಾರಿ ಬಿಟ್ಟಿದ್ದಾನೆ, ದಾರಿಯಲ್ಲಿ ನಡೆದು ಹೋಗುತ್ತಿದ್ದವರೊಬ್ಬರು ಸತ್ತಿದ್ದಾರೆ. ಕಂಪನಿ ಕೈತೊಳೆದುಕೊಂಡಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಶಾಸಕರು ವಿಮೆಯನ್ನು ಕಡ್ಡಾಯ ಮಾಡಿದ್ದು ವಿಮಾ ಕಂಪನಿಗಳ ವ್ಯಾಪಾರ ಬೆಳೆಯಲಿ ಎಂದಲ್ಲ, ದಾರಿಯಲ್ಲಿ ಸಿಕ್ಕಿ ಸಾಯುವವರ ರಕ್ಷಣೆಗೆ, ಎಂಬುದು ಅದರ ತರ್ಕ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದೇ ದಾರಿ ಇನ್ನಷ್ಟು ಅಗಲವಾಯಿತು. ಲೈಸೆನ್ಸಿನ ದೋಷವಿದ್ದರೂ ಮೂರನೆಯವನಿಗೆ ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. ವಕೀಲರು ಇದನ್ನು ‘ಪೇ ಅಂಡ್ ರಿಕವರಿ’ ಎಂದು ಒಂದೇ ಪದದಂತೆ ಹೇಳುತ್ತಾರೆ. ಮೂರನೆಯವನಿಗೆ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನ ಬೀಗದ ಬೆಲೆ ಕಟ್ಟುವವನು ಕೆಲವೊಮ್ಮೆ ಒಂದೇ ಆಟೋ, ಒಂದೇ ಎಕರೆ ಇರುವ ಮಾಲೀಕ.

ಗೂಡ್ಸ್ ಆಟೋದವರಿಗೆ ಇನ್ನೊಂದು ಕುತ್ತವಿತ್ತು. ಕಾರಿನ ಲೈಸೆನ್ಸಿದ್ದವನು ಸಣ್ಣ ಸರಕು ಗಾಡಿ ಓಡಿಸಬಹುದೇ, ಬ್ಯಾಡ್ಜ್ ಬೇಕೇ? ಬ್ಯಾಡ್ಜ್ ಇಲ್ಲವೆಂದು ಎಷ್ಟೋ ಕ್ಲೇಮುಗಳು ತಗಾದೆಗೆ ಬಿದ್ದವು. ಮುಕುಂದ್ ದೇವಾಂಗನ್ ಪ್ರಕರಣದಲ್ಲಿ 2017ರಲ್ಲೂ, ಐವರು ನ್ಯಾಯಮೂರ್ತಿಗಳ ಪೀಠದಿಂದ 2024ರ ನವೆಂಬರ್ 6ರಂದೂ ಉತ್ತರ ಒಂದೇ ಬಂತು: 7,500 ಕಿಲೋಗಿಂತ ಹಗುರವಾದ ಸರಕು ಗಾಡಿಗೆ ಲಘು ವಾಹನದ ಲೈಸೆನ್ಸೇ ಸಾಕು. ಈ ಸುದ್ದಿ ಹರವೆಯ ಚಾಲಕರಿಗೆ ಗೊತ್ತಿತ್ತು. ಹೈಕೋರ್ಟು, ಸುಪ್ರೀಂ ಕೋರ್ಟಿನ ಇನ್ಯಾವ ತೀರ್ಪೂ ಇಷ್ಟು ಬೇಗ ವಾಟ್ಸಾಪಿನಲ್ಲಿ ಈ ದಾರಿಗೆ ಬಂದದ್ದನ್ನು ನಾನು ಕಂಡಿಲ್ಲ.

ಒಂದು ಸಣ್ಣ ಕವಲು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋದರೆ ರಸ್ತೆಯಲ್ಲಿ ಇನ್ನೊಬ್ಬ ಮೂರನೆಯವನಿದ್ದಾನೆ. ಜಿಂಕೆ, ಕಾಡುಹಂದಿ, ಆನೆ. ಕಾನೂನಿನ ‘ವ್ಯಕ್ತಿ’ಯಲ್ಲವಾದ್ದರಿಂದ ಅವುಗಳಿಗೆ ಥರ್ಡ್ ಪಾರ್ಟಿಯಿಲ್ಲ. ಅವುಗಳಿಗೆ ಸಿಕ್ಕದ್ದು 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚುವ ಗೇಟು. 1865ರ ಕೆಂಪು ಬಾವುಟದವನು ಅಲ್ಲಿ ಇನ್ನೂ ನಿಂತಿದ್ದಾನೆ ಎಂದುಕೊಂಡರೆ ಕೇರಳದ ಕಡೆಯವರು ಸಿಟ್ಟಾಗಬಹುದು.

ಈಗ ಆ ಆಟೋದ ತೊಟ್ಟಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ ಕತೆ ಕೇಳಿದರೆ ಮೂರನೆಯವರಿಗೆ ಎಲ್ಲ ಬಾಗಿಲೂ ತೆರೆದಂತೆ ಕಾಣುತ್ತದೆ. ಹಾಗಾದರೆ ಬೆಳಗಿನ ಏಳಕ್ಕೆ ಹರವೆಯಿಂದ ಹೊರಟ ಆ ಹನ್ನೆರಡು ಹೆಂಗಸರು ಎಷ್ಟನೆಯವರು? ದಾರಿಯಲ್ಲಿ ನಡೆದು ಹೋಗುತ್ತಿದ್ದು ಅದೇ ಆಟೋ ಗುದ್ದಿದ್ದರೆ ಅವರು ನಿಸ್ಸಂದೇಹವಾಗಿ ಮೂರನೆಯವರು. ಆಟೋ ಹತ್ತಿದ ಗಳಿಗೆಯಲ್ಲಿ ಲೆಕ್ಕ ಬದಲಾಗುತ್ತದೆ.

1994ರಲ್ಲಿ ಕಾಯಿದೆಯ 147ನೆಯ ಕಲಮಿಗೆ ಕೆಲವು ಪದಗಳು ಸೇರಿದವು. ಸರಕು ಗಾಡಿಯಲ್ಲಿ ಹೋಗುವ ‘ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ’ಗೂ ವಿಮೆಯ ರಕ್ಷಣೆ. ತನ್ನ ಟೊಮೆಟೊ ಕ್ರೇಟಿನ ಜೊತೆ ಮಾರುಕಟ್ಟೆಗೆ ಹೋಗುವ ರೈತ ಒಳಗೆ ಬಂದ. ಉಳಿದವರು? ಸತ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರಕು ಗಾಡಿ ಹತ್ತಿದ ಎಲ್ಲರನ್ನೂ ಒಳಗೆ ಸೇರಿಸಿತ್ತು. ಮೂರೇ ವರ್ಷದಲ್ಲಿ, 2002ರ ಕೊನೆಗೆ, ಆಶಾ ರಾಣಿ ಪ್ರಕರಣದಲ್ಲಿ ದೊಡ್ಡ ಪೀಠ ಅದನ್ನು ತಿರುಗಿಸಿತು. ಸರಕು ಗಾಡಿ ಇರುವುದು ಸರಕಿಗೆ. ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಕಡ್ಡಾಯ ವಿಮೆ ಅನ್ವಯಿಸದು. ಕಾನೂನಿನ ತರ್ಕವಾಗಿ ಅದು ಸರಿಯಿರಬಹುದು. ಗಾಡಿಯ ಮಾಲೀಕನೇ ಕೂಲಿ ಕೊಟ್ಟು ಹತ್ತಿಸಿಕೊಂಡ ಹಮಾಲಿಗಳಿಗೆ ಕಾರ್ಮಿಕ ಪರಿಹಾರದ ಲೆಕ್ಕದಲ್ಲಿ ಬೇರೆ ದಾರಿಯುಂಟು. ಆದರೆ ಈ ಹೆಂಗಸರಿಗೆ ಕೂಲಿ ಕೊಡುವವನು ಹೊಲದವನು. ಆಟೋದವನು ಬಾಡಿಗೆಗೆ ಬಂದವನು. ಹೋಗುವಾಗ ತೊಟ್ಟಿಯಲ್ಲಿ ಸರಕೇ ಇರುವುದಿಲ್ಲ, ಬುತ್ತಿಯ ಹೊರತು.

ಹಾಗಾಗಿ ನ್ಯಾಯಮಂಡಳಿಯಲ್ಲಿ ಕೇಳುವ ಪ್ರಶ್ನೆಗಳು ವಿಚಿತ್ರ. ನೀನು ಯಾರ ಮೂಟೆಯ ಮೇಲೆ ಕೂತಿದ್ದೆ? ಮೂಟೆ ನಿನ್ನದೇ? ನಿನ್ನನ್ನು ಕರೆದವರು ಯಾರು, ಕೂಲಿ ಕೊಡುವವರು ಯಾರು? ಮುಂದೆ ಕೂತಿದ್ದೆಯೋ ಹಿಂದೆಯೋ? ಕಾಲು ಮುರಿದುಕೊಂಡ ಹೆಂಗಸು ಈ ಪ್ರಶ್ನೆಗಳ ಹಿಂದಿನ ಕಲಮನ್ನು ಊಹಿಸಲಾರಳು. ನಿಜ ಹೇಳಿದರೆ ಸೋಲುತ್ತಾಳೆ. ಕರ್ನಾಟಕದ ನ್ಯಾಯಾಲಯಗಳು ಸಂಬಳದ ಚೀಟಿಯಿಲ್ಲದ ಕೂಲಿಯವರ ಆದಾಯವನ್ನು ಅಂದಾಜು ಮಾಡಲು ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿಯನ್ನು ನೋಡುತ್ತವೆ. ಅವಳ ದುಡಿಮೆಗೆ ಪಟ್ಟಿಯಲ್ಲಿ ಒಂದು ಸಾಲಿದೆ, ಅವಳ ಪ್ರಯಾಣಕ್ಕೆ ಕಾಯಿದೆಯಲ್ಲಿ ಸಾಲಿಲ್ಲ. ಒಮ್ಮೊಮ್ಮೆ ಕೋರ್ಟುಗಳೇ ಇದರ ಅಂಚನ್ನು ಸಡಿಲಿಸಿವೆ. 2018ರಲ್ಲಿ ಕರ್ನಾಟಕದಿಂದಲೇ ಹೋದ ಶಿವರಾಜ್ ಪ್ರಕರಣದಲ್ಲಿ, ಚಾಲಕನಿಗೆ ಮಾತ್ರ ಸೀಟಿರುವ ಟ್ರ್ಯಾಕ್ಟರಿನಲ್ಲಿ ಕೂತು ಗಾಯಗೊಂಡವನಿಗೆ ಕಂಪನಿಯೇ ಮೊದಲು ಹಣ ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು ಸುಪ್ರೀಂ ಕೋರ್ಟ್. ಅದು ಪ್ರಕರಣದಿಂದ ಪ್ರಕರಣಕ್ಕೆ ಸಿಗುವ ಕರುಣೆ, ಎಲ್ಲರಿಗೂ ಬರೆದಿಟ್ಟ ಹಕ್ಕಲ್ಲ.

ಸರಕು ಗಾಡಿಯಲ್ಲಿ ಜನ ಹತ್ತಬಾರದು, ಅದು ಅಪರಾಧ ಎನ್ನುವವರು ಸರಿಯಾಗಿಯೇ ಹೇಳುತ್ತಾರೆ. ಪ್ರತಿ ದೊಡ್ಡ ಅಪಘಾತದ ಮರುವಾರ ತಪಾಸಣೆ ಬಿಗಿಯಾಗುತ್ತದೆ, ಹೆಂಗಸರು ಚೆಕ್‌ಪೋಸ್ಟಿಗೆ ಮೊದಲೇ ಇಳಿದು ನಡೆದು ದಾಟಿ ಮುಂದೆ ಹತ್ತುತ್ತಾರೆ. ಮೈಸೂರು ಸರ್ಕಾರ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಸಾರಿಗೆ ಇಲಾಖೆ ಆರಂಭಿಸಿದಾಗ ಊರಿಂದ ಊರಿಗೆ ಹೋಗುವವರು ಕಣ್ಣಮುಂದಿದ್ದರು. ಊರಿಂದ ಹೊಲಕ್ಕೆ ಹೋಗುವವರು ಅಂದು ನಡೆಯುತ್ತಿದ್ದರು. ಈಗ ಕೂಲಿ ಇಪ್ಪತ್ತು ಮೂವತ್ತು ಕಿಲೋಮೀಟರು ದೂರ ಸರಿದಿದೆ. ಬಸ್ಸಿನ ದಾರಿ ಹೊಲದ ಬದುವಿನವರೆಗೆ ಹೋಗುವುದಿಲ್ಲ.

ಆ ದಿನ ಚಹಾಕ್ಕೆ ನಿಂತಾಗ ಚಾಲಕ ಮಾದಪ್ಪನ ಹಿಂದಿನ ಕವರು ತೆಗೆದು ನನ್ನ ಕೈಗಿಟ್ಟ. ‘ಓದಿ ಸಾ, ಏನ್ ಬರ್ದವ್ರೆ ನೋಡಮ.’ ಇಂಗ್ಲಿಷಿನ ಸಣ್ಣಕ್ಷರ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ ಎಂಬಲ್ಲಿಗೆ ಬಂದಾಗ ತೊಟ್ಟಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಎಲೆಅಡಿಕೆ ಹಾಕುತ್ತಿದ್ದ ಅಜ್ಜಿ ತಡೆದರು.

‘ಅದ್ರಲ್ಲಿ ನಾವ್ ಎಲ್ಲಿವಿ ಮಗ?’

ನಾನು ಎರಡನೆಯ ಸಲ ಓದಿದೆ. ನನ್ನ ಹೆಸರಿಗೂ ಅದರಲ್ಲಿ ಜಾಗವಿರಲಿಲ್ಲ. ಅಜ್ಜಿ ಉತ್ತರಕ್ಕೆ ಕಾಯಲಿಲ್ಲ. ಸುಣ್ಣ ಹತ್ತಿದ ಬೆರಳನ್ನು ತೊಟ್ಟಿಯ ತಗಡಿಗೆ ಒರೆಸಿ, ‘ಬುಡು, ಬಿಸ್ಲೇರ್ತದ, ಹತ್ತು’ ಎಂದರು. ಚಾಲಕ ಕಾಗದ ಮಡಿಸಿ ಮಾದಪ್ಪನ ಹಿಂದಕ್ಕೆ ಸಿಕ್ಕಿಸಿ ಗಾಡಿ ಸ್ಟಾರ್ಟ್ ಮಾಡಿದ.